ಪರ್ವಕ್ಕೆ ಐದು ದಿನ ಮೊದಲು

ಕಾಂಚನ ಬಾಲ್ಕನಿಯಲ್ಲಿ ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದಳು. ಇನ್ನು ಅರ್ಧ ಗಂಟೆಯಲ್ಲಿ ದವಾಖಾನೆಯಲ್ಲಿ ನರ್ಸ್ ಡ್ಯೂಟಿ.

"ಆಯೀ! ಪೂಲಿನ ನೀರು ಖಾಲಿ ಆಗಾಕತ್ತೈತಿ!"

ಕೆಳಗೆ ಅಂಗಳದ ಈಜು ಪೂಲಿನ ಅಂಚಿನಲ್ಲಿ ಎಂಟು ವರ್ಷದ ಮಗಳು ಸಪನಾ ನಿಂತಿದ್ದಳು. ನಿನ್ನೆ ಭಾನುವಾರವಷ್ಟೇ ಮೊದಲ ಸಲ ಆ ನೀರಿಗಿಳಿದಿದ್ದಳು.

ಕಾಂಚನ ಒದ್ದೆ ಕೈಯಲ್ಲೇ ಮೆಟ್ಟಿಲಿಳಿದಳು. ಕಟ್ಟಡದ ಉಸ್ತುವಾರಿಯ ಸನ್ಮತಿ ಕುಕ್ಕರಗಾಲಲ್ಲಿ ಕೂತು ವಾಲ್ವ್ ತಿರುಗಿಸುತ್ತಿದ್ದ. ಅವಳನ್ನು ಕಂಡು ಅವನ ಕೈ ನಿಂತಿತು.

"ಯಾಕ್ರಿ ನೀರು ಬಿಡಾಕತ್ತೀರಿ?"

ಅವನು ತಲೆ ಎತ್ತಲಿಲ್ಲ. "ನಮ್ಮ ಜೈನರ ದಶಲಕ್ಷಣ ಪರ್ವ ಬಂತಲ್ರಿ... ಪರ್ವದಾಗ ನೀರಿಗೆ ಔಷಧ ಹಾಕಂಗಿಲ್ಲ. ಸಣ್ಣ ಜೀವ ಸಾಯ್ತಾವ. ಅದಕ್ಕ..."

ಕಾಂಚನ ನಂಬಿದಳು. ನಂಬಬೇಕೆನಿಸಿತ್ತು!

ನಿಪ್ಪಾಣಿಯಲ್ಲಿ ಅವಳು ಬಾಡಿಗೆಗೆ ಕೇಳಿದ ಐದನೆಯ ಮನೆ ಇದು. ಮೊದಲ ನಾಲ್ಕು ಕಡೆ ಅಡ್ಡಹೆಸರು ಕೇಳಿ ಜಾತಿ ತಿಳಿದ ಮೇಲೆ, "ಆಗಲೇ ಕೊಟ್ಟಬಿಟ್ಟೇವ್ರಿ" ಎಂದಿದ್ದರು. ಮಾಲಕಿ ಸೋನಾಬಾಯಿಯ ಅಣ್ಣನ ಮಗ, ಈ ಅಪಾರ್ಟ್‌ಮೆಂಟ್ ನೋಡಿಕೊಳ್ಳುವ ಸನ್ಮತಿ ಮಾತ್ರ ಬೇರೆಯದೇ ಕೇಳಿದ್ದ. "ಕೂಸಿಗೆ ನೀರಂದ್ರ ಹೆದರಿಕಿ ಏನ್ರಿ?"

ಗಂಡ ತೀರಿಕೊಂಡು ಮೂರು ವರ್ಷ. ಸನ್ಮತಿಯ ಆ ಮಾತಿಗೆ ಅವಳು ಮೊದಲ ಸಲ ನಕ್ಕಿದ್ದಳು. ಆಮೇಲೆ ಸನ್ಮತಿ ಅವಳ ಸಿಲಿಂಡರ್ ಹೊತ್ತು ಮೂರನೇ ಅಂತಸ್ತಿಗೆ ತಂದ.

"ಎಲ್ಲಾರೂ ನಿಮ್ಮನ್ನ ಸಿಸ್ಟರ್ ಅಂತಾರ. ನನ್ನ ಬಾಯಾಗ ಅದೊಂದ ಬರೂದಿಲ್ರಿ," ಎಂದು ಕಿವಿ ಕೆಂಪಗೆ ಮಾಡಿಕೊಂಡಿದ್ದ.

ಸಂಜೆ ಗೇಟಿನಲ್ಲಿ ವಾಚ್‌ಮನ್ ಜಿನ್ನಪ್ಪ ಗೊಣಗುತ್ತಿದ್ದ. "ಪರ್ವಕ್ಕ ಇನ್ನೂ ಐದ ದಿನ ಐತಿ ಬಾಯಾರ. ಪ್ರತಿ ವರ್ಷ ಹಿಂದಿನ ದಿನ ಸಂಜಿಕ ನೀರು ಬಿಡ್ತಿದ್ವಿ. ಈ ವರ್ಷ ಮಾಲಕಿ ಅಕ್ಕಾರಿಗೆ ಏನ್ ಅವಸರ ಆತೋ!"

ಕಾಂಚನಳ ಕಾಲು ಅಲ್ಲೇ ನಿಂತವು...

ನಿನ್ನೆ ಸೋನಾಬಾಯಿ ಮನೆ ನೋಡಲು ಬಂದಿದ್ದರು. ಗೋಡೆಯ ಮೇಲಿನ ಬುದ್ಧ, ಬಾಬಾಸಾಹೇಬರ ಫೋಟೋ ನೋಡಿದ್ದರು. ಕೊಟ್ಟ ನೀರು ಮುಟ್ಟಿರಲಿಲ್ಲ. ಬಾಲ್ಕನಿಯಿಂದ ಬಗ್ಗಿ, ಪೂಲಿನಲ್ಲಿ ಕೇಕೆ ಹಾಕುತ್ತಿದ್ದ ಸಪನಾಳನ್ನು ಬಹಳ ಹೊತ್ತು ನೋಡಿದ್ದರು.

'ಗೊತ್ತಿತ್ತು ಅವನಿಗೆ. ಗೊತ್ತಿದ್ದೇ ವಾಲ್ವ್ ತಿರುಗಿಸಿದ!'

ಅಂದಿನಿಂದ ಅವಳು ಸನ್ಮತಿಯೊಂದಿಗೆ ಮಾತಾಡಲಿಲ್ಲ. ತಿಂಗಳ ಕೊನೆಗೆ ಮನೆ ಬಿಡುವುದೆಂದು ಪಾತ್ರೆಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬತೊಡಗಿದಳು. ಸಪನಾ ಏನೂ ಕೇಳಲಿಲ್ಲ. ಸ್ನಾನಕ್ಕೆ ಕೂತರೆ ಮಾತ್ರ ಕಲ್ಲಿನಿಂದ ಕಾಲು ಉಜ್ಜುತ್ತಲೇ ಇರುತ್ತಿದ್ದಳು... ಕೆಂಪಾಗುವವರೆಗೆ.

"ಸಾಕು ಬಿಡ ಕೂಸ, ಹೊಲಸಿಲ್ಲ," ಎಂದು ಕಾಂಚನ ಕಲ್ಲು ಕಸಿದುಕೊಂಡರೆ, ಮರುದಿನ ಮತ್ತೆ ಅದೇ.

ಪರ್ವ ಮುಗಿದು ಕ್ಷಮೆ ಕೇಳುವ ದಿನ ಬಂತು. ಜೈನರು ಮನೆಮನೆಗೆ ಹೋಗಿ ಕೈಮುಗಿಯುವ ದಿನ. ಬೆಳಿಗ್ಗೆಯೇ ಬಾಗಿಲು ಬಡಿಯಿತು.

ಸನ್ಮತಿ. ಕೈ ಮುಗಿದಿದ್ದ, ಮುಖ ಇಳಿದಿತ್ತು.

"ಉತ್ತಮ ಕ್ಷಮಾ ರೀ... ಗೊತ್ತಿದ್ದೋ, ಗೊತ್ತಿಲ್ದನೋ ಮಾಡಿದ ತಪ್ಪಿಗೆ..."

"ಅದನ್ನ ಎಲ್ಲಾರ ಮನ್ಯಾಗೂ ಹೇಳಿ ಬಂದಿರಬೇಕು. ನನ್ನ ಮುಂದ ತಪ್ಪಿನ ಹೆಸರ ಹೇಳ್ರಿ."

ಅವನು ಮುಗಿದ ಕೈ ಇಳಿಸಿದ. "ಅತ್ತಿ ನೀರು ಬಿಡು ಅಂದ್ರು. ಯಾಕ ಅಂತ ನನಗ ಗೊತ್ತಿತ್ತು. ಬಿಟ್ಟೆ. ನಿಮಗ ಪರ್ವದ ಸುಳ್ಳು ಹೇಳಿದೆ. ಕಣ್ಣಿಗೆ ಕಾಣದ ಜೀವದ ಹೆಸರ ಹೇಳಿ, ಕಣ್ಣ ಮುಂದಿದ್ದ ಕೂಸನ್ನ..." ಅವನು ತಲೆ ಎತ್ತಿ ಅವಳನ್ನು ನೋಡಿದ. "ಈಗ ಅತ್ತಿ ಮುಂದ ಎಲ್ಲಾ ಹೇಳಿ ಬಂದೇನಿ. ನಿಮ್ಮನ್ನ ಲಗ್ನ ಆಗಬೇಕಂತೇನಿ ಅನ್ನೂದೂ ಹೇಳೇನಿ. ಹೊರಗ ನಡಿ ಅಂದ್ರು. ಬಂದೆ."

ಕಾಂಚನಳ ಕಣ್ಣು ತುಂಬಿದವು. ಸಿಟ್ಟು ಇನ್ನೂ ಇತ್ತು. ಅದರ ಕೆಳಗೆ ಪ್ರೀತಿಯೂ ಹಾಗೇ ಇತ್ತು... ಹಾಳಾದ್ದು!

"ಇಂಥಾ ದಿನಾ ಇನ್ನೂ ಬರ್ತಾವ್ರಿ. ಆವಾಗ?"

"ಸುಳ್ಳು ಹೇಳಂಗಿಲ್ಲ, ಕಾಂಚನಾ. ನಿಮ್ಮ ಕಡೆ ನಿಂದರ್ತೀನಿ."

ಅವಳು ಬಾಗಿಲಿಂದ ಪಕ್ಕಕ್ಕೆ ಸರಿದಳು.

"ನನ್ನದು ಇರಲಿ. ಕ್ಷಮಾ ಕೇಳೂದು ಆಕಿಗೆ ಕೇಳ್ರಿ. ಒಳಗ ಬರ್ರಿ."

ಸಪನಾ ಬಚ್ಚಲಿನಿಂದ ಬಂದಳು. ಒದ್ದೆ ಕಾಲು, ಉಜ್ಜಿ ಕೆಂಪಾದ ಪಾದ. ಸನ್ಮತಿ ಅವಳೆದುರು ಮೊಣಕಾಲೂರಿ ಕೈಮುಗಿದ.

ಮಗು ಅವನ ಕೈಗಳನ್ನು ನೋಡಿತು. ಅವ್ವನ ಮುಖ ನೋಡಿತು. ಎರಡು ವಾರ ಬಾಯಿಗೆ ಬಾರದ ಮಾತು ಮೆಲ್ಲಗೆ ಬಂತು.

"ಕಾಕಾ... ನಾ ಇಳಿದಿದ್ದಕ್ಕ ನೀರು ಹೊಲಸಾತೇನ್ರಿ?"