ಫಿಸಿಯೋ ಮೇಡಂ ತುಂಬದ ಫಾರ್ಮ್

ಉದ್ದ ಡಾಕ್ಟರು ವ್ಯಾಯಾಮದ ಹಾಲಿನ ಬಾಗಿಲಲ್ಲಿ ನಿಂತಿದ್ದನ್ನು ಕಂಡು ಫಿಸಿಯೋ ಮೇಡಂ ಕೈಯಲ್ಲಿದ್ದ ಟವೆಲನ್ನು ಕೆಳಗಿಟ್ಟಳು. ಜಗಳಕ್ಕೇ ಬಂದಿರಬೇಕು.

ಅವನು ಮೂಳೆ ವಿಭಾಗದಲ್ಲಿ ತರಬೇತಿಯಲ್ಲಿರುವ ಎರಡನೇ ವರ್ಷದ ರೆಸಿಡೆಂಟ್ ಡಾಕ್ಟರು. 'ಉದ್ದ ಡಾಕ್ಟರು' ಎನ್ನುವುದು ಎತ್ತರ ನೋಡಿ ರೋಗಿಗಳೇ ಇಟ್ಟ ಹೆಸರು. ಮೂರನೇ ವರ್ಷಕ್ಕೆ ಬಡ್ತಿ ಸಿಗಬೇಕಾದರೆ ಹಿರಿಯ ಡಾಕ್ಟರುಗಳ ಒಪ್ಪಿಗೆಯಷ್ಟೇ ಸಾಲದು. ಜೊತೆಗೆ ಕೆಲಸ ಮಾಡುವ ನರ್ಸುಗಳು, ಫಿಸಿಯೋಗಳು ಕೂಡ ಅವನ ಬಗ್ಗೆ ಅಭಿಪ್ರಾಯದ ಫಾರ್ಮ್ ತುಂಬಬೇಕು. ಅವಳು ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದಳು: 'ಕೈಗುಣ ಚೆನ್ನಾಗಿದೆ. ಆದರೆ ರೋಗಿ ಪ್ರಶ್ನೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಇವರು ಮುಂದಿನ ಹಾಸಿಗೆಗೆ ಹೋಗಿರುತ್ತಾರೆ.' ನರ್ಸುಗಳೂ ಹೆಚ್ಚುಕಡಿಮೆ ಅದನ್ನೇ ಬರೆದಿದ್ದರು. ಫಾರ್ಮುಗಳನ್ನು ನೋಡಿದ ಆಸ್ಪತ್ರೆಯ ಸಮಿತಿ ಅವನ ಬಡ್ತಿಯನ್ನು ಮೂರು ತಿಂಗಳು ತಡೆಹಿಡಿಯಿತು. ಜೊತೆಯವರೆಲ್ಲ ಮೇಲೇರಿದರು.

"ಮುಂದಿನ ಹಾಸಿಗೆ ಅಂತ ಬರೆದಿದ್ದು ನೀವೇ ತಾನೇ?"

"ಹೌದು." ಸುಳ್ಳು ಹೇಳಲು ಅವಳ ನಾಲಿಗೆ ಹೊರಳಲಿಲ್ಲ. "ಕೋಪ ಬಂತಾ?"

"ಎರಡು ದಿನ ಬಂತು." ಅವನು ತನ್ನ ಬೂಟು ನೋಡಿಕೊಂಡ. "ಮಾತಾಡೋದು ಕಲಿಸ್ತೀರಾ? ನಿಮ್ಮ ಹತ್ರ ಎಲ್ರೂ ಬಾಯಿ ಬಿಡ್ತಾರೆ."

ಅಂದಿನಿಂದ ಮಧ್ಯಾಹ್ನದ ಬಿಡುವಿನಲ್ಲಿ ಅವನು ಅಲ್ಲಿಗೆ ಬರತೊಡಗಿದ. ಸೊಂಟದ ಮೂಳೆ ಮುರಿದಿದ್ದ ಅಜ್ಜಿಯೊಬ್ಬರ ಪಕ್ಕ ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದ. ಮೊದಮೊದಲು, "ನೋವಿದೆಯಾ?" ಎಂದು ಕೇಳಿ, ಉತ್ತರಕ್ಕೆ ಮೊದಲೇ ಎದ್ದುಬಿಡುತ್ತಿದ್ದ. ಫಿಸಿಯೋ ಮೇಡಂ ಕಣ್ಣಲ್ಲೇ ಗದರಿಸಿದರೆ ಮತ್ತೆ ಕುಳಿತುಕೊಳ್ಳುತ್ತಿದ್ದ. ತಿಂಗಳು ಕಳೆಯುವಷ್ಟರಲ್ಲಿ ಅಜ್ಜಿಯ ಮೊಮ್ಮಕ್ಕಳ ಸುದ್ದಿಯೆಲ್ಲ ಅವನಿಗೆ ಬಾಯಿಪಾಠ.

ಇತ್ತ ಅವಳ ಲೆಕ್ಕ ತಪ್ಪತೊಡಗಿತು. ಕಾರಿಡಾರಿನಲ್ಲಿ ಅವನ ಹೆಜ್ಜೆ ಸದ್ದು ಕೇಳಿದರೆ ಸಾಕು, ವ್ಯಾಯಾಮದ ಎಣಿಕೆ ಹನ್ನೆರಡರಿಂದ ಮತ್ತೆ ಒಂಬತ್ತಕ್ಕೆ ಬರುತ್ತಿತ್ತು.

"ಅವ್ರು ಬರೋ ಹೊತ್ತಿಗೆ ನೀನು ಎಣಿಸ್ಬೇಡಮ್ಮ," ಎಂದರು ಅಜ್ಜಿ. "ನಿಮ್ಮಿಬ್ಬರ ಮಧ್ಯೆ ಸವೀತಿರೋದು ನನ್ನ ಕಾಲು."

ಮೂರು ತಿಂಗಳು ಮುಗಿಯುತ್ತ ಬಂದಾಗ ಅವನ ಫಾರ್ಮ್ ಮತ್ತೆ ಅವಳ ಮೇಜಿಗೆ ಬಂತು. ಪೆನ್ನಿನ ಕ್ಯಾಪ್ ತೆಗೆದಳು, ಹಾಕಿದಳು. ಕೊನೆಗೆ ಖಾಲಿ ಫಾರ್ಮನ್ನೇ ಹಿಡಿದು ವಿಭಾಗದ ಮುಖ್ಯಸ್ಥೆಯ ಕೋಣೆಗೆ ಹೋದಳು.

"ಇದನ್ನ ನಾನು ತುಂಬೋದು ಸರಿಯಲ್ಲ ಮೇಡಂ."

"ಯಾಕೆ, ಜಗಳ ಆಡ್ಕೊಂಡ್ರಾ?"

"ಇಲ್ಲ. ಜಗಳ ಆಗಿದ್ರೆ ತುಂಬ್ತಿದ್ದೆ."

ಮುಖ್ಯಸ್ಥೆ ಕನ್ನಡಕದ ಮೇಲಿನಿಂದ ಅವಳನ್ನು ಒಂದು ಕ್ಷಣ ನೋಡಿದರು. "ಅವನಿಗೆ ಗೊತ್ತಾ?"

"ಇಲ್ಲ."

"ಸರಿ. ಬೇರೆ ಫಿಸಿಯೋಗೆ ಕೊಡ್ತೀನಿ. ಬದಲಾಯ್ಸಿದ್ದನ್ನ ಮಾತ್ರ ಅವನಿಗೆ ಹೇಳ್ಲೇಬೇಕು, ಅದು ನಿಯಮ." ತುಟಿಯಂಚಿನ ನಗೆಯನ್ನು ಅವರು ಫೈಲಿನ ಹಿಂದೆ ಅಡಗಿಸಿಕೊಂಡರು.

ಸಮಿತಿ ಸೇರುವ ದಿನ ಬೆಳಿಗ್ಗೆ ಅವನು ನೇರ ವ್ಯಾಯಾಮದ ಹಾಲಿಗೆ ಬಂದ. ಮುಖ ಬಾಡಿತ್ತು.

"ಇಷ್ಟು ದಿನ ನೋಡಿದ್ರಿ. ಒಂದು ಒಳ್ಳೆ ಮಾತು ಬರೆಯೋಕೂ ಮನಸ್ಸಾಗ್ಲಿಲ್ವಾ?"

"ಒಂದಲ್ಲ, ಪುಟಗಟ್ಲೆ ಬರೀತಿದ್ದೆ. ಅದಕ್ಕೇ ಬರೀಲಿಲ್ಲ."

"ಅರ್ಥ ಆಗ್ಲಿಲ್ಲ."

"ಫಾರ್ಮ್ ಕೆಳಗೆ, 'ಪಕ್ಷಪಾತವಿಲ್ಲದೆ ತುಂಬಿದ್ದೇನೆ' ಅಂತ ಸಹಿ ಹಾಕ್ಬೇಕು." ಅವಳು ಮಡಚಿದ ಟವೆಲನ್ನೇ ಮತ್ತೆ ಮಡಚಿದಳು. "ನಂಗೆ ಈಗ ಆ ಸಹಿ ಹಾಕೋಕಾಗಲ್ಲ."

ಅವನ ಕಿವಿಗಳು ಮೊದಲು ಕೆಂಪಾದವು. ಆಮೇಲೆ ಕೆನ್ನೆ. ಹನ್ನೊಂದಕ್ಕೆ ಸಮಿತಿ, ಗೋಡೆ ಗಡಿಯಾರದಲ್ಲಿ ಇನ್ನು ಹತ್ತು ನಿಮಿಷವಿತ್ತು. ಆದರೂ ಅವನು ಕದಲಲಿಲ್ಲ.

"ಇದನ್ನ ಈಗ್ಲೇ ಹೇಳ್ಬೇಕು. ಬಡ್ತಿ ಸಿಕ್ಕಿದ್ಮೇಲೆ ಹೇಳಿದ್ರೆ ಖುಷೀಲಿ ಹೇಳ್ದ ಅಂತೀರ, ಸಿಗ್ದೆ ಹೋದ್ರೆ ದುಃಖದಲ್ಲಿ ಅಂತೀರ." ಅವನು ಉಸಿರೆಳೆದುಕೊಂಡ. "ನಾನು ಇಲ್ಲಿಗೆ ಮಾತು ಕಲಿಯೋಕೆ ಬಂದಿದ್ದು ಮೊದಲ ವಾರ ಮಾತ್ರ. ಆಮೇಲೆ ಬಂದಿದ್ದೆಲ್ಲ ನಿಮ್ಮನ್ನ ನೋಡೋಕೆ."

ಅವಳಿಗೆ ನಗುವೂ ಬಂತು, ಕಣ್ಣೂ ತುಂಬಿತು. "ಹೋಗಿ. ತಡವಾದ್ರೆ ಅದನ್ನೂ ಬರ್ಕೋತಾರೆ."

ಅರ್ಧ ಗಂಟೆಗೆ ಅವನು ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಬಂದ. ಬಡ್ತಿ ಸಿಕ್ಕಿತ್ತು. ಕೈಯಲ್ಲಿ ಮೊಬೈಲ್ ಇತ್ತು.

"ಅಮ್ಮಂಗೆ ಎರಡು ವಿಷಯ ಹೇಳ್ಬೇಕು. ಯಾವ್ದು ಮೊದಲು ಹೇಳ್ಲಿ?"

"ಬಡ್ತಿ ವಿಷಯ ಮೊದ್ಲು ಹೇಳಿ," ಎಂದು ಅವಳು ಹತ್ತಿರ ಬಂದು ನಿಂತಳು. "ಎರಡನೇದಕ್ಕೆ ಫೋನ್ ನನ್ನ ಕೈಗೆ ಕೊಡು."