ಇರಂಗಿಲ್ಲ ಅಂದವನು

“ಅಯ್ಯೋ! ಏನ್ರೀ ಮಾಡಿಬಿಟ್ರಿ?”

ಲಿಖಿತಳ ಕೂಗಿಗೆ ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಆ ಪುಟ್ಟ ಕಂಪ್ಯೂಟರ್ ಸೆಂಟರ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೀರು ಕುಡಿದು ಬರೋಣವೆಂದು ಅವಳು ಎದ್ದು ಹೋಗಿದ್ದು ಎರಡೇ ನಿಮಿಷ. ಅಷ್ಟರಲ್ಲಿ ಎತ್ತರದ ಯುವಕನೊಬ್ಬ ಅವಳ ಕಂಪ್ಯೂಟರಿನ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ!

“ಒಳಗಿನ ಫ್ಯಾನ್ ಸಪ್ಪಳ ಮಾಡ್ತದ ಅಂತ ಮೇಡಂ ಹೇಳಿದ್ರು. ಅದನ್ನ ನೋಡೋಣ ಅಂತ…”

“ನನ್ನ ಐದು ರೂಟರ್ ಸತ್ತೋದ್ವು!”

ಅವನು ಗಾಬರಿಯಾಗಿ ಮೇಜಿನ ಕೆಳಗೆ ಬಗ್ಗಿ ನೋಡಿದ. “ಎಲ್ಲಿ ಅದಾವ್ರೀ? ಇಲ್ಲಿ ಒಂದೂ ಕಾಣವಲ್ದು!”

ಹಿಂದಿನ ಸಾಲಿನ ಹುಡುಗಿಯರು ಕಿಸಕ್ಕನೆ ನಕ್ಕರು. ಅವನ ಮಾತಿನ ಧಾಟಿಗೋ, ಬಗ್ಗಿದ ಭಂಗಿಗೋ ಗೊತ್ತಿಲ್ಲ. ಲಿಖಿತಳಿಗೆ ಮಾತ್ರ ಅಳು ಒತ್ತಿಕೊಂಡು ಬಂತು.

ಅವಳ ರೂಟರ್‌ಗಳು ಕಣ್ಣಿಗೆ ಕಾಣುವಂಥವಲ್ಲ. ಒಂದು ನೆಟ್‌ವರ್ಕಿನಿಂದ ಇನ್ನೊಂದಕ್ಕೆ ಮಾಹಿತಿಗೆ ದಾರಿ ತೋರಿಸುವ ಆ ಪೆಟ್ಟಿಗೆಗಳನ್ನು ಅವಳು ನಿಜವಾಗಿ ಮುಟ್ಟಿಯೇ ಇರಲಿಲ್ಲ. ಎಮ್ಯುಲೇಟರ್ ಎಂಬ ಸಾಫ್ಟ್‌ವೇರ್ ಕಂಪ್ಯೂಟರಿನ ಒಳಗೇ ಅವುಗಳನ್ನು ಹುಟ್ಟಿಸುತ್ತಿತ್ತು. ಅವಳು ಒಂದೊಂದಕ್ಕೂ ನಮ್ಮ ರೈಲು ನಿಲ್ದಾಣಗಳ ಹೆಸರಿಟ್ಟು, ಮಾರಿಕುಪ್ಪಂನಿಂದ ಬಂಗಾರಪೇಟೆವರೆಗೆ ಸಾಲಾಗಿ ಜೋಡಿಸಿದ್ದಳು. ಬೆಳಗ್ಗೆಯಿಂದ ಮಾಡಿದ ಕೆಲಸ. ಸೇವ್ ಮಾಡಿರಲಿಲ್ಲ!

ವಿಷಯ ತಿಳಿದ ಮೇಲೆ ಅವನ ಮುಖ ಸಣ್ಣದಾಯಿತು.

“ತಪ್ಪಾತ್ರೀ… ನಾ ಸೃಜನ್. ಇವತ್ತಿಂದ ಇಲ್ಲಿ ನೆಟ್‌ವರ್ಕಿಂಗ್ ಕಲಿಸಾಕ ಬಂದೀನಿ. ಕೂಡ್ರಿ, ನಾನೇ ಎಲ್ಲಾ ಮತ್ತ ಟೈಪ್ ಮಾಡಿ ಕೊಡ್ತೀನಿ.”

“ಬೇಡ.” ಲಿಖಿತ ಕಣ್ಣೊರೆಸಿಕೊಂಡು ಕುಳಿತಳು. “ನನ್ನದನ್ನ ನಾನೇ ಕಟ್ಕೊತೀನಿ.”

ಪುಸ್ತಕ ತೆರೆಯಲಿಲ್ಲ. ನೋಟ್ಸ್ ನೋಡಲಿಲ್ಲ. ಐದೂ ನಿಲ್ದಾಣಗಳು ಒಂದೊಂದಾಗಿ ಎದ್ದು ನಿಂತವು. ನಲವತ್ತು ನಿಮಿಷದಲ್ಲಿ ಮಾರಿಕುಪ್ಪಂನಿಂದ ಹೊರಟ ಸಂದೇಶ ಬಂಗಾರಪೇಟೆ ಮುಟ್ಟಿ ವಾಪಸ್ಸು ಬಂತು.

ಸೃಜನ್ ಇನ್ನೂ ಆ ಪ್ಲಗ್ ಹಾಕಿದ ಜಾಗದಲ್ಲೇ ನಿಂತಿದ್ದ. ಅವನ ಕಣ್ಣುಗಳಲ್ಲಿದ್ದ ಮೆಚ್ಚುಗೆಯನ್ನು ನೋಡಿ ಲಿಖಿತಳ ಕೋಪ ಅರ್ಧ ಇಳಿದೇ ಹೋಯಿತು!

* * *

ಕಾಮಸಮುದ್ರದ ಹತ್ತಿರದ ಹಳ್ಳಿಯವಳು ಲಿಖಿತ. ಮನೆಯಲ್ಲಿ ನಾಲ್ಕು ಹಸು. ತಾಯಿ ವೆಂಕಟರತ್ನಮ್ಮ ಹಾಲು ಕರೆದು ಡೇರಿಗೆ ಹಾಕಿ ಬರುವಷ್ಟರಲ್ಲಿ ಮಗಳು ಕೊಟ್ಟಿಗೆ ಗುಡಿಸಿ ಬಸ್ಸು ಹಿಡಿಯುತ್ತಿದ್ದಳು.

ಹಳ್ಳಿಗಳ ಹಾಲಿನ ಕೇಂದ್ರಗಳಲ್ಲಿರುವ ಕಂಪ್ಯೂಟರ್‌ಗಳನ್ನೆಲ್ಲ ನೋಡಿಕೊಳ್ಳುವ ಬಂಗಾರಪೇಟೆಯ ಒಂದು ಸಂಸ್ಥೆ ಅವಳಿಗೆ ಕೆಲಸ ಕೊಡುವುದಾಗಿ ಹೇಳಿತ್ತು. ಆದರೆ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಬೇಕೇ ಬೇಕು. ಒಂದು ಸಲ ಬರೆದು ಸ್ವಲ್ಪದರಲ್ಲಿ ಫೇಲಾಗಿದ್ದಳು. ಸಂಸ್ಥೆಯವರು ಈ ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತಾರೆ.

“ಅಸ ಮೇಯ್ಸೋ ಉಡ್ಗಿಗೆ ಯಾಕಮ್ಮ ಈ ವೈರು ಗಿಯರು?” ಎಂದಿದ್ದಳು ಪಕ್ಕದ ಮನೆಯ ಅಮ್ಮಾಜಮ್ಮ.

ಆ ಮಾತು ಲಿಖಿತಳ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ‘ಈ ಸಲ ಗೆಲ್ಲಬೇಕು. ನಾನೇ ಗೆಲ್ಲಬೇಕು!’

ಸೃಜನನ ಅಪ್ಪ ಕೆಜಿಎಫ್‌ನ ಕಾರ್ಖಾನೆಗೆ ವರ್ಗವಾಗಿ ಬಂದವರು. ಧಾರವಾಡದಲ್ಲಿ ಹುಟ್ಟಿ ಬೆಳೆದ ಸೃಜನ್ ಅದೇ ಪರೀಕ್ಷೆಯನ್ನು ಎರಡು ವರ್ಷದ ಹಿಂದೆಯೇ ಪಾಸು ಮಾಡಿದ್ದ. ಮೊದಲ ದಿನ ಹುಡುಗಿಯರು ನಕ್ಕ ಮೇಲೆ ಅವನು ಕ್ಲಾಸಿನಲ್ಲಿ ನಮ್ಮ ಕಡೆಯವರಂತೆಯೇ ‘ಬರಲ್ಲ, ಹೋಗಲ್ಲ’ ಎಂದು ಎಚ್ಚರದಿಂದ ಮಾತಾಡತೊಡಗಿದ. ಖುಷಿಯಾದಾಗ ಮಾತ್ರ ನಾಲಿಗೆ ಜಾರಿ ಧಾರವಾಡಕ್ಕೆ ಹೋಗಿಬಿಡುತ್ತಿತ್ತು.

“ಬರೀ ಕಟ್ಟೋದು ಕಲಿತರೆ ಸಾಲಲ್ಲ ಲಿಖಿತಾ. ಕೆಟ್ಟಿದ್ದನ್ನ ಹುಡುಕೋಕೂ ಬರಬೇಕು,” ಎಂದ ಅವನು, ದಿನಾ ಒಂದು ಲ್ಯಾಬ್, ಅಂದರೆ ಅಭ್ಯಾಸದ ನೆಟ್‌ವರ್ಕ್ ಮಾಡಿ, ಬೇಕೆಂದೇ ಎಲ್ಲೋ ಒಂದು ಕಡೆ ಕೆಡಿಸಿ ಕೊಡುತ್ತಿದ್ದ.

“ಇವತ್ತು ಎಲ್ಲಿ ಕೆಡಿಸಿದೀರಾ ಸಾರ್?”

“ಹೇಳಿಬಿಟ್ಟರೆ ನಿಮ್ಮ ಖುಷಿ ನಾನು ಕಿತ್ಕೊಂಡ ಹಾಗೆ.”

“ಅಬ್ಬೋ! ಮಾಡೋದೆಲ್ಲ ಮಾಡಿ ದೊಡ್ಡ ಮಾತು ಬೇರೆ!”

ಮಧ್ಯಾಹ್ನ ಅವಳ ಡಬ್ಬಿಯ ಮುದ್ದೆ, ಅವರೆಕಾಳಿನ ಸಾರು ಇಬ್ಬರ ಪಾಲಾಗತೊಡಗಿತು. ಜೋಳದ ರೊಟ್ಟಿ ತಿಂದು ಬೆಳೆದವನು ಮುದ್ದೆಯನ್ನು ಕಷ್ಟಪಟ್ಟು ಅಗಿಯುತ್ತಿದ್ದರೆ ಲಿಖಿತಳಿಗೆ ನಗು ತಡೆಯಲಾಗುತ್ತಿರಲಿಲ್ಲ.

“ಅಗೀಬಾರದು ಸಾರ್, ನುಂಗ್ಬೇಕು!”

“ನುಂಗಿದರೆ ರುಚಿ ಹೇಗೆ ಗೊತ್ತಾಗೋದು?”

“ಅದು ಹೊಟ್ಟೆಗೆ ಗೊತ್ತಾಗುತ್ತೆ ಬಿಡಿ!”

ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ತನಗೆ ತಾನೇ ನಗುತ್ತಿದ್ದಳು. ಪರೀಕ್ಷೆ ಮುಗಿದ ಮೇಲೆ ಈ ಮೇಜು, ಈ ಮಧ್ಯಾಹ್ನ, ಈ ಮನುಷ್ಯ… ಎಲ್ಲ ಎಲ್ಲಿರುತ್ತವೋ? ಆ ಯೋಚನೆ ಬಂದರೆ ನಗು ನಿಂತುಹೋಗುತ್ತಿತ್ತು.

* * *

ಪರೀಕ್ಷೆಗೆ ಹನ್ನೆರಡು ದಿನವಿತ್ತು. ಸೆಂಟರ್ ನಡೆಸುವ ಶಶಿರೇಖ ಮೇಡಂ ಮುಂದಿನ ಕೋಣೆಯಲ್ಲಿ ಸೃಜನನ ಹತ್ತಿರ ಮಾತಾಡುತ್ತಿದ್ದರು. ಚಪ್ಪಲಿ ಬಿಡುತ್ತಿದ್ದ ಲಿಖಿತಳಿಗೆ ತನ್ನ ಹೆಸರು ಕೇಳಿಸಿತು.

“ಏನಪ್ಪಾ ಸೃಜನ್, ಪರೀಕ್ಷೆ ಆದ್ಮೇಲೆ ಲಿಖಿತನ್ನ ನಮ್ ಸೆಂಟರ್‌ಗೇ ಟೀಚರ್ ಮಾಡ್ಕೊಳ್ಳೋಣ್ವಾ? ನಿನ್ ಜೊತೇಲೇ ಪಾಠ ಮಾಡ್ಕೊಂಡಿರ್ಲಿ.”

ಲಿಖಿತ ಕಿವಿಗೊಟ್ಟಳು. ‘ಹೂಂ ಅನ್ನಿ ಸಾರ್… ಹೂಂ ಅನ್ನಿ!’

“ಏ, ಇಲ್ರೀ ಮೇಡಂ!” ಸೃಜನನ ದನಿ ಜೋರಾಗಿತ್ತು. “ಆಕಿ ಇಲ್ಲಿ ಇರಂಗಿಲ್ಲ. ನಾ ಬೇಕಾದ್ರ ಬರೆದು ಕೊಡ್ತೀನಿ, ಇರಂಗಿಲ್ಲ ಅಂದ್ರ ಇರಂಗಿಲ್ಲ!”

ಬಿಡುತ್ತಿದ್ದ ಚಪ್ಪಲಿ ಹಾಗೆಯೇ ಕಾಲಲ್ಲಿ ಉಳಿಯಿತು.

ಇರಂಗಿಲ್ಲ! ಕೊಟ್ಟಿಗೆಯೊಳಗೆ ನಾಯಿ ಬರಂಗಿಲ್ಲ, ಮಡಿಯಲ್ಲಿರುವವರನ್ನು ಮುಟ್ಟಂಗಿಲ್ಲ ಅನ್ನುತ್ತಾರಲ್ಲ, ಹಾಗೆ! ನಾನು ಇಲ್ಲಿ ಇರಕೂಡದು! ಅವರ ಜೊತೆ ಪಾಠ ಮಾಡುವ ಯೋಗ್ಯತೆಯೂ ನನಗಿಲ್ಲವೇ? ಒಟ್ಟಿಗೆ ಉಂಡ ಅನ್ನಕ್ಕೂ ಬೆಲೆ ಇಲ್ಲವೇ?

ಒಳಗೆ ಹೋಗದೆ ಅವಳು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಬೀದಿಯಲ್ಲಿ ಅಳಬಾರದೆಂದು ತುಟಿ ಕಚ್ಚಿ ಹಿಡಿದಿದ್ದಳು.

* * *

ಮರುದಿನದಿಂದ ಸೆಂಟರ್‌ಗೆ ಹೋಗಲಿಲ್ಲ. ಸೃಜನನ ಫೋನ್ ಎತ್ತಲಿಲ್ಲ. ‘ಯಾಕ ಬರವಲ್ರಿ? ಆರಾಮ ಅದೀರಲ್ಲ?’ ಎಂಬ ಮೆಸೇಜನ್ನು ಎಷ್ಟು ಸಲ ಓದಿದಳೋ! ಉತ್ತರ ಮಾತ್ರ ಬರೆಯಲಿಲ್ಲ.

ಮನೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪ್ ಮೂರು ರೂಟರ್‌ಗಿಂತ ಹೆಚ್ಚು ತಾಳುತ್ತಿರಲಿಲ್ಲ. ಕೊಟ್ಟಿಗೆಯ ಪಕ್ಕದ ನೆರಳಲ್ಲಿ ಕೂತು, ಆ ಮೂರರಲ್ಲೇ ತಾನೇ ಕೆಡಿಸಿ ತಾನೇ ಹುಡುಕುತ್ತಿದ್ದಳು. ತಾನೇ ಬಚ್ಚಿಟ್ಟದ್ದನ್ನು ತಾನೇ ಹುಡುಕುವುದರಲ್ಲಿ ಏನು ಸ್ವಾರಸ್ಯ? ಒಂದು ಬೆಳಗ್ಗೆ ಲ್ಯಾಬ್ ನಿಜವಾಗಿಯೇ ಕೆಟ್ಟುಹೋಯಿತು. ಎಷ್ಟು ತಡಕಿದರೂ ಕಾರಣ ಸಿಗಲಿಲ್ಲ.

“ನನ್ ಕೈಲಿ ಆಗಲ್ಲಮ್ಮ!” ಎಂದು ಲ್ಯಾಪ್‌ಟಾಪ್ ಮುಚ್ಚಿಬಿಟ್ಟಳು.

ವೆಂಕಟರತ್ನಮ್ಮ ಗೌರಿ ಹಸುವಿನ ಗೊರಸು ಎತ್ತಿ ನೋಡುತ್ತಿದ್ದರು. ಎರಡು ದಿನದಿಂದ ಅದು ಹಾಲು ಕಡಿಮೆ ಕೊಡುತ್ತಿತ್ತು.

“ಇವ್ಳಿಗೇನಾಗೈತೆ ಅಂತ ಇವ್ಳು ಬಾಯಿ ಬಿಟ್ಟು ಏಳ್ತಾಳಾ?” ಎಂದರು ತಾಯಿ ಮೆಲ್ಲಗೆ. “ಮೊದ್ಲು ನೀರು ಕುಡಿದಾಳಾ ನೋಡ್ತೀನಿ. ಆಮೇಲೆ ಮೇವು. ಆಮೇಲೆ ಕೆಚ್ಚಲು, ಆಮೇಲೆ ಕಾಲು. ಒಂದನ್ನ ಬಿಟ್ಟು ಇನ್ನೊಂದಕ್ಕೆ ನೆಗೆಯಲ್ಲ. ನೋಡು, ಗೊರಸಲ್ಲಿ ಕಲ್ಲು ಸಿಕ್ಕೈತೆ.”

ಲಿಖಿತ ತಾಯಿಯ ಕೈಯನ್ನೇ ನೋಡಿದಳು. ಸಗಣಿ, ಹುಲ್ಲು, ತಾಳ್ಮೆ ಎಲ್ಲ ಅಂಟಿದ ಕೈ. ಮತ್ತೆ ಲ್ಯಾಪ್‌ಟಾಪ್ ತೆರೆದಳು. ಮೊದಲು ತಂತಿ, ಆಮೇಲೆ ವಿಳಾಸ, ಆಮೇಲೆ ದಾರಿ. ಒಂದರ ನಂತರ ಒಂದು. ಒಂದು ಕಡೆಯ ವಿಳಾಸದ ಅಳತೆ ಇನ್ನೊಂದು ಕಡೆಗೆ ಹೊಂದುತ್ತಿರಲಿಲ್ಲ. ಒಂದೇ ಒಂದು ಅಂಕಿ!

“ಸಿಕ್ತಮ್ಮಾ! ನಂಗೂ ಕಲ್ಲು ಸಿಕ್ತು!”

ತಾಯಿ ನಕ್ಕರು. ಅದು ಯಾವ ಕಲ್ಲೆಂದು ಕೇಳಲೂ ಇಲ್ಲ.

* * *

ಭಾನುವಾರ ಬೆಳಗ್ಗೆ ಬಸ್ಸಿಳಿದು, ಹತ್ತು ಜನರನ್ನು ಮನೆ ಕೇಳಿಕೊಂಡು, ಸೃಜನ್ ಅಂಗಳದಲ್ಲಿ ಬಂದು ನಿಂತ. ಕೈಯಲ್ಲಿ ಒಂದು ಪೆನ್‌ಡ್ರೈವ್. ಲಿಖಿತ ಬಾಗಿಲ ಹಿಂದೆ ಸರಿದಳು.

“ಯಾರಪ್ಪ ನೀನು?”

“ನಾ ಸೃಜನ್ ರೀ. ಲಿಖಿತಾ ಅವರಿಗೆ ಕಲಿಸ್ತೀನಿ… ಇದನ್ನ ಅವರಿಗೆ ಕೊಡ್ರೀ. ಪರೀಕ್ಷೆ ತಯಾರಿದ ಲ್ಯಾಬ್ ಅದಾವ.”

“ಬಾಪ್ಪ ಒಳಿಕ್ಕೆ, ಕಾಪಿ ಕುಡಿವಂತೆ.”

“ಇಲ್ರೀ ಅವ್ವಾರ, ನಾ ಒಳಗ ಬರಂಗಿಲ್ಲ.”

ವೆಂಕಟರತ್ನಮ್ಮ ಬೆಚ್ಚಿಬಿದ್ದರು. “ಬರಂಗಿಲ್ವಾ! ಯಾರಪ್ಪ ನಿಂಗೆ ಬರಂಗಿಲ್ಲ ಅಂದೋರು? ನಮ್ಮನೇಲಿ ಅಂಗೆಲ್ಲ ಇಲ್ಲ ಕಣಪ್ಪ. ಯಾರು ಬೇಕಾದ್ರೂ ಬರ್ಬೋದು!”

“ಅಯ್ಯ, ಯಾರೂ ಅಂದಿಲ್ರೀ. ನಾನಽ ಬರಂಗಿಲ್ಲ.”

“ನಿಂಗೆ ನೀನೇ ಬರ್ಬೇಡ ಅಂತ ಏಳ್ಕೊಂಡ್ಯಾ? ಒಳ್ಳೆ ಉಡುಗ ಆದೆ ಕಣಪ್ಪ!”

ಬಾಗಿಲ ಹಿಂದೆ ನಿಂತಿದ್ದ ಲಿಖಿತಳ ಮೈ ಜುಮ್ಮೆಂದಿತು. ಅವಳು ಹೊರಗೆ ಬಂದಳು.

“ಸಾರ್… ನಿಮ್ಮೂರಲ್ಲಿ ‘ಬರಂಗಿಲ್ಲ’ ಅಂದ್ರೆ ಏನು?”

ಅವಳನ್ನು ಕಂಡ ಕೂಡಲೇ ಅವನ ಮುಖ ಅರಳಿತು. “ಏನಂದ್ರ? ಬರೋದಿಲ್ಲ ಅಂತ.”

“ಬರಕೂಡದು ಅಂತ ಅಲ್ವಾ?”

“ಛೇ ಛೇ! ಬರೋದಿಲ್ಲ, ಅಷ್ಟಽ.”

“ಹಾಗಾದ್ರೆ… ‘ಆಕಿ ಇಲ್ಲಿ ಇರಂಗಿಲ್ಲ’ ಅಂದ್ರೆ?”

ಎಲ್ಲ ಅರ್ಥವಾಗಲು ಸೃಜನನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

“ಅಯ್ಯೋ ಲಿಖಿತಾ… ಅದನ್ನ ಕೇಳಿಸ್ಕೊಂಡ್ರೇನು? ನೀವು ಪಾಸಾಗ್ತೀರಿ, ದೊಡ್ಡ ಜಾಗಕ್ಕ ಹೋಗ್ತೀರಿ, ನಮ್ಮ ಸಣ್ಣ ಸೆಂಟರ್‌ನ್ಯಾಗ ಉಳಿಯೋರಲ್ಲ ಅಂತ ಹೆಮ್ಮೆಯಿಂದ ಹೇಳಿದ್ದೆನ್ರೀ!”

ಲಿಖಿತಳ ಕಣ್ಣು ತುಂಬಿ ಬಂತು. ಒಂಬತ್ತು ದಿನದ ನೋವು ಒಂದೇ ಉಸಿರಿಗೆ ಕರಗಿತು. ಆದರೆ ಅದರ ಬೆನ್ನಿಗೇ ಬೇರೊಂದು ಕೋಪ ಎದ್ದಿತು.

“ನಾನು ಇರೋದಿಲ್ಲ ಅಂತ ನೀವ್ಯಾಕೆ ತೀರ್ಮಾನ ಮಾಡಿದ್ರಿ? ನನ್ನ ಒಂದು ಮಾತು ಕೇಳಿದ್ರಾ?”

ಅವನು ತಲೆ ತಗ್ಗಿಸಿದ. “ಕೇಳಾಕ ಧೈರ್ಯ ಸಾಲಲಿಲ್ಲ. ಕೇಳಿದ್ರ… ಬರೀ ಕೆಲಸದ ಮಾತು ಕೇಳಿ ಸುಮ್ಮನಾಗ್ತಿರಲಿಲ್ಲ ನಾನು.”

ವೆಂಕಟರತ್ನಮ್ಮ ಏನೋ ನೆನಪಾದವರಂತೆ, “ಕಾಪಿಗೆ ಆಲು ಇಡ್ತೀನಿ,” ಎಂದು ಒಳಗೆ ಹೋದರು.

ಲಿಖಿತ ಪೆನ್‌ಡ್ರೈವ್ ತೆಗೆದುಕೊಳ್ಳಲಿಲ್ಲ.

“ಇದು ಬೇಡ ಸಾರ್. ಇನ್ನು ಮೂರು ದಿನ. ನಾನು ನನ್ನ ಮೂರು ರೂಟರ್‌ನಲ್ಲೇ ಓದ್ಕೊತೀನಿ. ಕೇಳೋದೇನಿದ್ರೂ ಪರೀಕ್ಷೆ ಆದ್ಮೇಲೆ ಕೇಳಿ. ಪಾಸಾದ್ರೂ ಕೇಳಿ, ಫೇಲಾದ್ರೂ ಕೇಳಿ.”

“ಫೇಲಾಗೋದು ಎಲ್ಲಿ ಬಂತ್ರೀ!”

ಅವಳು ಮೊದಲ ಸಲ ಅವನೆದುರು ನಾಚಿದಳು. “ಮೊದ್ಲು ಒಳಗೆ ಬಂದು ಕಾಫಿ ಕುಡೀರಿ.”

* * *

ಪರೀಕ್ಷೆ ಬೆಂಗಳೂರಿನಲ್ಲಿ. ತಣ್ಣನೆಯ ಕೋಣೆ, ಗಾಜಿನ ಆಚೆ ಕಾವಲು ಕೂತ ಮನುಷ್ಯ, ಎದುರಿಗೆ ಪರದೆ. ಕೊನೆಯ ದೊಡ್ಡ ಪ್ರಶ್ನೆ ಒಂದು ಲ್ಯಾಬ್. ನಾಲ್ಕು ರೂಟರ್. ಒಂದಕ್ಕೊಂದು ಮಾತಾಡುತ್ತಿಲ್ಲ. ಸಮಯ ಕಡಿಮೆ.

ಕಳೆದ ಸಲ ಇಲ್ಲಿಯೇ ಅವಳು ಎಡವಿದ್ದಳು. ಅಲ್ಲಿ ಇಲ್ಲಿ ನೆಗೆದು, ಸರಿಯಿದ್ದದ್ದನ್ನೂ ಕೆಡಿಸಿ ಬಂದಿದ್ದಳು.

ಈ ಸಲ ನೆಗೆಯಲಿಲ್ಲ. ತಂತಿ ಸರಿಯಿದೆ. ವಿಳಾಸ ಸರಿಯಿದೆ. ಅಳತೆ… ಎರಡನೆಯದರಲ್ಲಿ ತಪ್ಪು! ತಿದ್ದಿದಳು. ದಾರಿ… ಮೂರನೆಯದು ಬೇರೆಲ್ಲಿಗೋ ಕಳಿಸುತ್ತಿದೆ. ತಿದ್ದಿದಳು. ಉಸಿರು ಬಿಗಿಹಿಡಿದು ಸಂದೇಶ ಕಳಿಸಿದಳು.

ಹೋಯಿತು. ಬಂತು!

ಕೊನೆಯ ಗುಂಡಿ ಒತ್ತಿದ ಮೇಲೆ ಪರದೆಯ ಮೇಲೆ ಮೂಡಿದ ‘ಪಾಸ್’ ಎಂಬ ಪದವನ್ನು ಅವಳು ಮೂರು ಸಲ ಓದಿದಳು. ಹೊರಗೆ ಬಂದು ಮನೆಗೆ ಫೋನ್ ಮಾಡಿದಳು.

“ಅಮ್ಮಾ… ಆಯ್ತಮ್ಮ. ಪಾಸಾದೆ.”

ತಾಯಿ ಫೋನನ್ನು ಕೆಳಗಿಡದೆಯೇ ಬೇಲಿಯಾಚೆಗೆ ಕೂಗಿದ್ದು ಕೇಳಿಸಿತು.

“ಅಮ್ಮಾಜಮ್ಮಾ! ಏ ಅಮ್ಮಾಜಮ್ಮಾ! ನನ್ ಮಗ್ಳು ಗೆದ್ಲು ಕಣೇ! ಅಸ ಮೇಯ್ಸೋಳು ಗೆದ್ಲು!”

ಲಿಖಿತ ನಡುಬೀದಿಯಲ್ಲೇ ಅತ್ತಳು. ಈ ಸಲ ತುಟಿ ಕಚ್ಚಲಿಲ್ಲ.

* * *

ಸಂಜೆ ಬಂಗಾರಪೇಟೆ ನಿಲ್ದಾಣದಲ್ಲಿ ರೈಲು ನಿಂತಾಗ ಸೃಜನ್ ಪ್ಲಾಟ್‌ಫಾರಂ ಮೇಲಿದ್ದ. ಇಳಿದವಳ ಮುಖ ನೋಡಿದ. ಫಲಿತಾಂಶ ಕೇಳಲೇ ಇಲ್ಲ.

“ನಂಗ ಗೊತ್ತಿತ್ತು,” ಎಂದ. “ಈಗ ಕೇಳಲೇನು?”

“ಕೇಳಿ.”

“ನಿಮ್ಮ ಕೆಲಸ ಬಂಗಾರಪೇಟೆಯಾಗ ಇರಲಿ, ಮುಂದ ಎಲ್ಲಾದ್ರೂ ಇರಲಿ. ನಾ ಅಡ್ಡ ಬರೋದಿಲ್ಲ. ಆದ್ರ ನಿಮ್ಮನ್ನ ಬಿಟ್ಟು ದಿನ ಕಳಿಯೋದು ಆ ಒಂಬತ್ತು ದಿನದಾಗಽ ನಂಗ ಸಾಕಾಗ್ಯಾದ ಲಿಖಿತಾ. ನನ್ನ ಮದುವಿ ಆಗ್ತೀರೇನು?”

ಜನ ಪಕ್ಕದಲ್ಲೇ ಓಡಾಡುತ್ತಿದ್ದರು. ಕಡಲೆಕಾಯಿ ಮಾರುವವಳು ಬುಟ್ಟಿ ಇಳಿಸಿ ಇವರನ್ನೇ ನೋಡುತ್ತಿದ್ದಳು. ಲಿಖಿತ ಯಾರನ್ನೂ ಲೆಕ್ಕಿಸಲಿಲ್ಲ.

“ನಂಗೆ ಆ ಒಂಬತ್ತು ದಿನ ನಿಮಗಿಂತ ಕಷ್ಟವಾಗಿತ್ತು,” ಎಂದಳು. “ಮನೆಗೆ ನಿಮ್ಮ ಅಪ್ಪ ಅಮ್ಮನ್ನ ಕರ್ಕೊಂಡು ಬನ್ನಿ. ಆದ್ರೆ ನಾನು ಕೆಲಸಕ್ಕೆ ಸೇರಿ, ಹಾಲಿನ ಕೇಂದ್ರಗಳನ್ನೆಲ್ಲ ಒಂದು ಸುತ್ತು ನೋಡಿ ಬಂದ ಮೇಲೇನೇ ಮದುವೆ.”

“ಎಷ್ಟು ಕೇಂದ್ರ ಅದಾವ?”

“ತುಂಬಾ ಇದಾವೆ.”

“ನಾ ಸ್ಕೂಟರ್ ಓಡಸ್ತೀನಿ. ಲಗೂನ ಮುಗೀತದ!”

ಅವಳು ನಕ್ಕುಬಿಟ್ಟಳು. ಅವನು ಅವಳ ಕೈಯಲ್ಲಿ ಮಡಚಿದ್ದ ಕಾಗದದತ್ತ ನೋಡಿದ. ಅವಳ ಹೆಸರು, ಅಂಕಗಳು ಅಚ್ಚಾಗಿದ್ದ ಕಾಗದ.

“ಕೊಡ್ರಿ, ಒಮ್ಮೆ ನೋಡ್ತೀನಿ.”

“ಊಹೂಂ. ಇದು ಮೊದಲು ಅಮ್ಮನ ಕೈಗೆ.”

“ಹಂಗಾರ ನನ್ನ ಕೈಗೆ?”

ಲಿಖಿತ ಕಾಗದವನ್ನು ಜೋಪಾನವಾಗಿ ಬ್ಯಾಗಿನೊಳಗಿಟ್ಟಳು. ಆಮೇಲೆ, ಖಾಲಿಯಾದ ತನ್ನ ಕೈಯನ್ನು ಅವನ ಕೈಯೊಳಗಿಟ್ಟಳು.