ಪಿಟೀಲು ಮಾಸ್ತರನ ಶನಿವಾರದ ಲೈವ್

"ಭಾನುವಾರದ ಲೈವ್‌ಗೆ ಒಂದು ಭರ್ಜರಿ ಪೋಸ್ಟರ್ ಮಾಡ್ಕೊಡೋ," ಎಂದು ಅಣ್ಣ ಫೋನಿನಲ್ಲಿ ಹೇಳಿದಾಗ ಪಿಟೀಲು ಮಾಸ್ತರನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ವಾರಕ್ಕೊಂದು ಪೋಸ್ಟರ್ ಮಾಡಿಕೊಡುವುದು, ಲೈವ್ ಯಾವ ಹೊತ್ತಿಗೆ ಶುರುವಾಗಬೇಕೆಂದು ಗೊತ್ತುಮಾಡುವುದು, ನೋಡುವವರಿಗೆಲ್ಲ ಮುಂಚೆಯೇ ಸೂಚನೆ ಹೋಗುವಂತೆ ಏರ್ಪಾಡು ಮಾಡುವುದು ಅವನ ಹೊಟ್ಟೆಪಾಡಿನ ಕೆಲಸ.

"ಬಹುಮಾನ ಏನು ಅಂತ ಹಾಕ್ಲಿ?"

"ಅಂಗಡಿ ಗೋಡೆ ಮೇಲೆ ನೇತಾಕಿದೀನಲ್ಲ, ಅಜ್ಜನ ಪಿಟೀಲು. ಅದನ್ನೇ ಕೊಟ್ಟುಬಿಡೋಣ. ಯಾರು ಜಾಸ್ತಿ ಜನಕ್ಕೆ ಶೇರ್ ಮಾಡ್ತಾರೋ ಅವರಿಗೆ. ಹೆಂಗೆ ಐಡಿಯಾ?"

ಮಾಸ್ತರ ಕೂತಿದ್ದ ಕುರ್ಚಿಯಿಂದ ಎದ್ದುಬಿಟ್ಟ. "ಅಣ್ಣ, ಅದು ಅಜ್ಜನ ಪಿಟೀಲು ಕಣೋ. ನಂಗೆ ಕೊಡೋ. ಅಜ್ಜ ನನಗೇ ಅಂತ ಹೇಳಿದ್ರು."

"ಶುರುಮಾಡಿದ್ಯಾ ಪಿಟೀಲು ಕುಯ್ಯೋಕೆ! ನಿನ್ನ ಹತ್ರ ಇರೋದು ಸಾಲದಾ? ಪೋಸ್ಟರ್ ನಾಳೆ ಬರಲಿ," ಎಂದು ನಗುತ್ತಲೇ ಅಣ್ಣ ಫೋನ್ ಇಟ್ಟ.

ಅಣ್ಣ ಎಂದರೆ ಒಡಹುಟ್ಟಿದವನಲ್ಲ, ದೊಡ್ಡಪ್ಪನ ಮಗ. ಪೇಟೆಯ ದೊಡ್ಡ ಬೀದಿಯಲ್ಲಿ ಸೋಫಾ ಅಂಗಡಿ ಇಟ್ಟು, ಲೈವ್‌ನಲ್ಲಿ ಸೋಫಾಗಳ ಮೇಲೆ ಕುಪ್ಪಳಿಸಿ ಕುಪ್ಪಳಿಸಿ ತೋರಿಸಿ, ನೋಡುಗರಿಂದ 'ಸೋಫಾ ದೊರೆ' ಎಂಬ ಬಿರುದು ಗಿಟ್ಟಿಸಿದವನು. ಅಜ್ಜ ಒಂದು ಕಾಲದಲ್ಲಿ ನಾಟಕದ ಥಿಯೇಟರಿನಲ್ಲಿ ಪರದೆಯ ಮುಂದಿನ ತಗ್ಗಿನಲ್ಲಿ ಕೂತು ಪಿಟೀಲು ನುಡಿಸುತ್ತಿದ್ದರು. ಮಾಸ್ತರನಿಗೆ ಬೆರಳು ಹಿಡಿದು ಕಲಿಸಿದವರೂ ಅವರೇ. ಅವರ ಗಲ್ಲ ತಾಗಿ ತಾಗಿ ಆ ಪಿಟೀಲಿನ ಬಣ್ಣ ಒಂದು ಕಡೆ ಮಾಸಿಹೋಗಿತ್ತು. ಅಜ್ಜ ಹೋದ ಮೇಲೆ ಮನೆ ದೊಡ್ಡಪ್ಪನ ಪಾಲಿಗೆ ಬಂತು, ಮನೆಯೊಳಗಿದ್ದ ಪಿಟೀಲೂ ಅದರೊಂದಿಗೇ ಹೋಯಿತು. ಬಾಯಿಮಾತಿಗೆ ಬೆಲೆ ಎಲ್ಲಿ? ಈಗ ಅದು ಸೋಫಾಗಳ ಹಿಂದೆ ಅಲಂಕಾರಕ್ಕೆ ನೇತಾಡುತ್ತಿತ್ತು. ತಂತಿ ಸಡಿಲವಾಗಿ ಎಷ್ಟು ಕಾಲವಾಗಿತ್ತೋ, ಅಣ್ಣನಿಗೆ ಗೊತ್ತೂ ಇರಲಿಲ್ಲ.

ಮಾಸ್ತರ ಪೋಸ್ಟರ್ ಮಾಡಿದ. ಅಜ್ಜನ ಪಿಟೀಲಿನ ಚಿತ್ರದ ಮೇಲೆ ಕೆಂಪು ಅಕ್ಷರಗಳಲ್ಲಿ 'ಶೇರ್ ಮಾಡಿ, ಗೆಲ್ಲಿ!' ಎಂದು ತನ್ನ ಕೈಯಾರೆ ಬರೆದ. ಬರೆಯುತ್ತಿರುವಾಗಲೇ ಅವನಿಗೆ ಕಳ್ಳತನದ ಯೋಚನೆ ಬಂತು, ಬಂದದ್ದೇ ಮನಸ್ಸು ಹಗುರವಾಯಿತು.

ಯೋಚನೆಗೆ ತಕ್ಕ ಸಂದರ್ಭವೂ ಒದಗಿತು. ಶನಿವಾರ ಸಂಜೆ ಅಣ್ಣನ ಮಗಳ ಶಾಲೆಯಲ್ಲಿ ನಾಟಕ. ಮಗಳು ಮೊಲದ ಪಾತ್ರ ಮಾಡುತ್ತಿದ್ದಳು; ಅಣ್ಣ, ಅತ್ತಿಗೆ, ಅಂಗಡಿಯ ಕೆಲಸದವರು ಎಲ್ಲರೂ ಮೊಲ ನೋಡಲು ಹೊರಟಿದ್ದರು. ಅಂಗಡಿಗೆ ಬೀಗ. ಸೋಫಾ ಇಳಿಸುವ ಹಿಂಬಾಗಿಲ ಚಿಲಕ ಒಂದು ಸಲ ತಳ್ಳಿದರೆ ಕಳಚಿಕೊಳ್ಳುವಂಥದ್ದು. ಕ್ಯಾಮೆರಾದ ವೈರು ಎಳೆಯಲು ಹೋದಾಗೆಲ್ಲ ಮಾಸ್ತರ ಅದನ್ನು ನೋಡಿದ್ದ. ಕಾವಲಿಗೆಂದು ಇದ್ದ ಕ್ಯಾಮೆರಾ ಕಣ್ಣಿಟ್ಟಿದ್ದು ಗಲ್ಲಾಪೆಟ್ಟಿಗೆಯ ಮೇಲೆ ಮಾತ್ರ. ಕದಿಯುವುದು ನೀರು ಕುಡಿದಷ್ಟು ಸುಲಭ.

ಕಷ್ಟವಿದ್ದದ್ದು ಆಮೇಲೆ. ಪಿಟೀಲು ಕಾಣೆಯಾದರೆ ಅಣ್ಣ ಮೊದಲು ಬೆರಳು ತೋರಿಸುವುದು ಯಾರ ಕಡೆಗೆ ಎಂದು ಕಣಿ ಕೇಳಬೇಕಾಗಿರಲಿಲ್ಲ. ಹಾಗಾಗಿ ಆ ಹೊತ್ತಿನಲ್ಲಿ ಮಾಸ್ತರ ಬೇರೆ ಕಡೆ ಇರಬೇಕು. ಇದ್ದದ್ದನ್ನು ಊರೆಲ್ಲ ನೋಡಿರಬೇಕು. ಊರೆಲ್ಲ ನೋಡುವ ಏರ್ಪಾಡಂತೂ ವಾರವಾರ ಇದ್ದೇ ಇತ್ತು. ಪ್ರತಿ ಶನಿವಾರ ಸಂಜೆ ಅವನು ತನ್ನ ಕೋಣೆಯಿಂದ ಹೊಸಬರಿಗೆ ಪಿಟೀಲು ಪಾಠ ಹೇಳುತ್ತಿದ್ದ, ಲೈವ್ ಆಗಿ.

ಮುಂಚೆಯೇ ತೆಗೆದಿಟ್ಟ ವಿಡಿಯೋವನ್ನು ಹೊತ್ತಿಗೆ ಸರಿಯಾಗಿ ಲೈವ್ ಎಂಬ ಕೆಂಪು ಚುಕ್ಕೆಯೊಂದಿಗೆ ತಾನೇ ತಾನಾಗಿ ಹರಿಯಬಿಡುವ ಸಾಫ್ಟ್‌ವೇರ್ ಅವನ ಬಳಿ ಇತ್ತು. ಹಲ್ಲಿನ ಡಾಕ್ಟರೊಬ್ಬರು ಕ್ಯಾಮೆರಾ ಕಂಡರೆ ತೊದಲುತ್ತಿದ್ದರು, ಅವರಿಗೋಸ್ಕರ ಕೊಂಡದ್ದು. ಆದರೆ ಡಾಕ್ಟರ ಲೈವ್ ನೋಡಿದ ಯಾರೂ ಅದನ್ನು ನಿಜವೆಂದು ನಂಬಿರಲಿಲ್ಲ. ಮುಖ ಗೋಡೆಗೆ ಪಾಠ ಒಪ್ಪಿಸುವಂತಿತ್ತು. ಮಾಸ್ತರ ತನ್ನ ಗಿರಾಕಿಗಳಿಗೆಲ್ಲ ಬಾಯಿ ನೋಯುವಷ್ಟು ಸಲ ಹೇಳುತ್ತಿದ್ದ: "ಲೈವ್ ಅಂದ್ರೆ ಭಾಷಣ ಅಲ್ಲ ಸ್ವಾಮಿ, ಹರಟೆ. ಬಂದವರನ್ನ ಕರೀರಿ, ವಿಚಾರಿಸಿ. ಆಗ ನೋಡಿ ಮಜಾ." ಆ ಉಪದೇಶವನ್ನು ಈಗ ತಾನೇ ಪಾಲಿಸಬೇಕಾಗಿತ್ತು.

ಶುಕ್ರವಾರ ಸಂಜೆ ಅವನು ಕೋಣೆಯ ಬಾಗಿಲು ಹಾಕಿಕೊಂಡು ಕೂತ. ಮರುದಿನವೂ ಹಾಕಿಕೊಳ್ಳಲಿದ್ದ ನೀಲಿ ಅಂಗಿ. ಹೊರಗೆ ಮಳೆಯೋ ಬಿಸಿಲೋ ಗೊತ್ತಾಗದ ಹಾಗೆ ಕಿಟಕಿಗೆ ದಪ್ಪ ಪರದೆ. ಗೋಡೆಯ ಕ್ಯಾಲೆಂಡರ್ ಮಂಚದ ಕೆಳಗೆ. ಶನಿವಾರ ಸಂಜೆ ಕರೆಂಟ್ ತೆಗೆಯುವುದಿಲ್ಲ ಎಂದು ವಿದ್ಯುತ್ ಕಚೇರಿಗೆ ಫೋನ್ ಮಾಡಿ ಕೇಳಿಕೊಂಡದ್ದೂ ಆಗಿತ್ತು. ಇಷ್ಟು ಮುಂದಾಲೋಚನೆ ತನ್ನ ಮದುವೆಯ ವಿಷಯದಲ್ಲಿ ಮಾಡಿದ್ದರೆ ಈ ಹೊತ್ತಿಗೆ ಮಕ್ಕಳಿರುತ್ತಿದ್ದವು ಎಂದುಕೊಂಡು ಅವನು ಒಬ್ಬನೇ ನಕ್ಕ.

"ನನ್ನ ದನಿ ಕೇಳಿಸ್ತಿದೆಯಾ?" ಎಂದು ಶುರುಮಾಡಿದ. ಕಂಪ್ಯೂಟರಿನ ಪರದೆಯತ್ತ ಬಗ್ಗಿ, ಕಣ್ಣು ಕಿರಿದು ಮಾಡಿ, ಯಾರೋ ಬರೆದದ್ದನ್ನು ಓದುವವನಂತೆ ತುಸು ಕಾದ. "ಹಾಂ, ಕೇಳಿಸ್ತಿದೆ ಅಂತಿದ್ದೀರಿ. ಸರಿ ಹಾಗಾದ್ರೆ."

ಅಷ್ಟನ್ನು ರೆಕಾರ್ಡ್ ಮಾಡಿ ನೋಡಿಕೊಂಡಾಗ ಅವನಿಗೇ ಬೆರಗಾಯಿತು. ಎದುರಿಗೆ ನೂರಾರು ಜನ ಇದ್ದಾರೆಂದೇ ಅನ್ನಿಸುತ್ತಿತ್ತು. ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರಿರಲಿಲ್ಲ. ನಡುವೆ ಒಮ್ಮೆ ಬೇಕೆಂದೇ ಕಮಾನು ಬೀಳಿಸಿದ. ಒಮ್ಮೆ ಸೀನಿದ, ಯಾರೋ ಹಾರೈಸಿದವರಂತೆ ಥ್ಯಾಂಕ್ಸ್ ಹೇಳಿದ. ತಂತಿ ಯಾಕೆ ಪದೇಪದೇ ಕಿತ್ತುಹೋಗುತ್ತೆ ಎಂದು ವಾರವಾರವೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು. ಅದಕ್ಕೆ ಉತ್ತರ ಕೊಟ್ಟ. ಎಡಗೈಯವರು ಕಲಿಯಬಹುದಾ ಎಂಬ ಪ್ರಶ್ನೆಗೂ ಹಾಗೆಯೇ.

ಬಂದವರನ್ನು ಕರೆಯುವ ಕೆಲಸವನ್ನೂ ಬಿಡಲಿಲ್ಲ. ಹೊಲಿಗೆ ಅಕ್ಕ, ಬೇಕರಿಯ ಅವಳಿಗಳು, ರೈಲ್ವೆ ಗಾರ್ಡ್ ಸಾಹೇಬರು, ಹೀಗೆ ಹಳೇ ಶಿಷ್ಯರು ಕೆಲವರಿದ್ದರು. ಮಾಸ್ತರ ಅವರನ್ನು ಎಂದೂ ಕಂಡವನಲ್ಲ, ಆದರೆ ಅವರ ಬೆರಳುನೋವು ಬೆನ್ನುನೋವುಗಳೆಲ್ಲ ಗೊತ್ತು. ಗಾರ್ಡ್ ಸಾಹೇಬರು ನಿವೃತ್ತಿಯ ಮೇಲೆ ಪಿಟೀಲು ಹಿಡಿದವರು. ಯಾವ ವಾರವೂ ತಪ್ಪಿಸಿದವರಲ್ಲ. ಒಬ್ಬೊಬ್ಬರನ್ನೂ ಅವನು ಬಾಯ್ತುಂಬ ಮಾತಾಡಿಸಿದ. ಇಂಥದ್ದನ್ನು ನೋಡಿದ ಮೇಲೂ ಅನುಮಾನ ಪಡುವವನು ತನ್ನ ನೆರಳನ್ನೂ ನಂಬಲಾರ ಎಂದು ಬೆನ್ನು ತಟ್ಟಿಕೊಂಡ.

ಶನಿವಾರ ಎಲ್ಲ ಅಂದುಕೊಂಡಂತೆಯೇ ನಡೆಯಿತು. ಲೈವ್‌ನ ಹೊತ್ತು ಗೊತ್ತುಮಾಡಿ, ಸೂಚನೆಗಳು ಹೊರಟದ್ದನ್ನು ನೋಡಿಕೊಂಡು, ಮೊಬೈಲನ್ನು ಸದ್ದಡಗಿಸಿ ಮೇಜಿನ ಮೇಲೆಯೇ ಬಿಟ್ಟ. ಜೇಬಿನಲ್ಲಿದ್ದರೆ ಅದು ತಾನೆಲ್ಲಿದ್ದೆ ಎಂದು ಚಾಡಿ ಹೇಳೀತು. ತಲೆಗೆ ಹೆಲ್ಮೆಟ್ಟು, ಮೈಗೆ ದೊಗಳೆ ಕೋಟು, ಹಿತ್ತಲ ಗೇಟಿನಿಂದ ಸೈಕಲ್ ಹೊರಗೆ. ಓಣಿಯೊಂದರಲ್ಲಿ ಹೋಗುವಾಗ ತೆರೆದ ಕಿಟಕಿಯೊಳಗಿಂದ ತನ್ನದೇ ದನಿ ಕೇಳಿಸಿತು: "ಕಮಾನು ಹಿಡಿಯೋದು ಹಕ್ಕಿಮರಿ ಹಿಡಿದ ಹಾಗಿರಬೇಕು." ಅವನಿಗೆ ಎಷ್ಟು ಖುಷಿಯಾಯಿತೆಂದರೆ ಸೈಕಲ್ ಬೆಲ್ ಬಾರಿಸುವುದೊಂದು ಬಾಕಿ.

ಹಿಂಬಾಗಿಲು ತಳ್ಳಿದ, ತೆರೆಯಿತು. ಪಿಟೀಲೊಂದೇ ಹೋದರೆ ಕಳ್ಳ ಸಂಗೀತಗಾರನೇ ಎಂದಾದೀತೆಂದು, ಅಣ್ಣ ಲೈವ್‌ನಲ್ಲಿ ಹಚ್ಚುತ್ತಿದ್ದ ಹಿತ್ತಾಳೆಯ ವಿಕಾರ ದೀಪವನ್ನೂ ಎತ್ತಿಕೊಂಡ. ಅದನ್ನು ನೋಡಿದಾಗೆಲ್ಲ ಅವನಿಗೆ ಕಣ್ಣುರಿ. ಹೊರಬಂದವನೇ ಸಂದಿಯ ಕಸದ ತೊಟ್ಟಿಗೆ ಹಾಕಿ ಕೈ ಝಾಡಿಸಿಕೊಂಡ. ಅಜ್ಜನ ಪಿಟೀಲು ಸೋಫಾ ದಿಂಬಿನ ಚೀಲದೊಳಗೆ ಮೆತ್ತಗೆ ಮಲಗಿತು.

ಮನೆ ಸೇರಿದಾಗ ಪಾಠ ಮುಗಿದಿತ್ತು. ಮೊಬೈಲ್ ಎತ್ತಿ ನೋಡಿದರೆ ನೋಡುಗರ ಸಂಖ್ಯೆ ಹಿಂದೆಂದೂ ಇಲ್ಲದಷ್ಟು ಏರಿತ್ತು. ಜನ ಒಬ್ಬರಿಗೊಬ್ಬರು ಹೇಳಿಕೊಂಡು ಬಂದಂತಿತ್ತು. ಸಂದೇಶಗಳು ರಾಶಿ ಬಿದ್ದಿದ್ದವು. "ನಾನಿಲ್ಲದಾಗಲೇ ನನಗೆ ಇಷ್ಟು ಜನ!" ಎಂದು ನಕ್ಕು, ಮೊಬೈಲನ್ನು ಮಗುಚಿಟ್ಟ. ಅವನ್ನೆಲ್ಲ ಓದುತ್ತಾ ಕೂರುವ ತಾಳ್ಮೆ ಯಾರಿಗಿತ್ತು? ಎದುರಿಗೆ ಅಜ್ಜನ ಪಿಟೀಲಿತ್ತು. ಹೊಸ ತಂತಿ ಕಟ್ಟಿದ, ಶ್ರುತಿ ಮಾಡಿದ, ಗಲ್ಲವನ್ನು ಬಣ್ಣ ಮಾಸಿದ ಜಾಗಕ್ಕೆ ಒತ್ತಿದ. ಮೊದಲ ಸ್ವರ ಹೊರಟಾಗ ಕಣ್ಣು ಮಂಜಾಯಿತು. ಇದು ಕಳ್ಳತನವೇ ಅಲ್ಲ, ಮನೆಯ ಮಗುವನ್ನು ಮನೆಗೆ ಕರೆತಂದದ್ದು ಎಂದು ಅವನಿಗೆ ಮನಸಾರೆ ಅನ್ನಿಸಿತು.

ಭಾನುವಾರ ಬೆಳಿಗ್ಗೆ ಅಣ್ಣ ಬಂದ, ಜೊತೆಗೆ ಪೊಲೀಸ್ ಅಧಿಕಾರಿ. ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಪಿಟೀಲು ಅಷ್ಟರಲ್ಲಿ ಹಾಸಿಗೆಯ ಪೆಟ್ಟಿಗೆ ಸೇರಿತ್ತು.

"ನೀನೇ ಅಲ್ವೇನೋ?" ಅಣ್ಣ ಬಾಗಿಲಲ್ಲೇ ಕೂಗಿದ. "ಈ ಊರಲ್ಲಿ ಆ ಹಳೇ ಪಿಟೀಲು ಬೇಕಾಗಿದ್ದದ್ದು ನಿನಗೊಬ್ಬನಿಗೇ!"

"ಕಳ್ಳತನ ಆಯ್ತಾ?" ಎಂದು ಮಾಸ್ತರ ಎದೆಯ ಮೇಲೆ ಕೈಯಿಟ್ಟುಕೊಂಡ. ಹಿಂದಿನ ದಿನ ಕನ್ನಡಿಯೆದುರು ಅಭ್ಯಾಸ ಮಾಡಿದ ಮುಖ ಅದು. "ಅಯ್ಯೋ ಅಣ್ಣ, ನಿನ್ನೆ ಸಂಜೆ ನಾನು ಲೈವ್‌ನಲ್ಲಿದ್ನಲ್ಲೋ! ಊರೆಲ್ಲ ನೋಡಿದೆ."

"ನಾವು ನೋಡಿಲ್ಲ. ಶಾಲೇಲಿ ಮೊಬೈಲ್ ಆಫ್ ಮಾಡಿಸಿದ್ರು," ಎಂದ ಅಣ್ಣ, ಕೊಂಚ ತಗ್ಗಿದ ದನಿಯಲ್ಲಿ.

"ಹಾಕಿ, ನೋಡೋಣ," ಎಂದರು ಅಧಿಕಾರಿ.

ಮಾಸ್ತರ ಅತಿಥಿಗಳಿಗೆ ಕುರ್ಚಿ ಹಾಕಿ, ಟಿ.ವಿ.ಯ ದೊಡ್ಡ ಪರದೆಯ ಮೇಲೆ ನಿನ್ನೆಯ ಪಾಠ ಹಚ್ಚಿದ. ಒಂದು ಕಡೆ ಅವನು, ಪಕ್ಕದಲ್ಲಿ ಜನ ಆಯಾ ಕ್ಷಣಕ್ಕೆ ಬರೆದ ಸಾಲುಗಳು. ನೀಲಿ ಅಂಗಿಯ ಮಾಸ್ತರ ಪರದೆಯತ್ತ ಬಗ್ಗಿ, "ನನ್ನ ದನಿ ಕೇಳಿಸ್ತಿದೆಯಾ?" ಎಂದ. 'ಕೇಳಿಸ್ತಿದೆ ಸರ್' ಎಂದು ಪಕ್ಕದಲ್ಲಿ ಯಾರೋ ನಿಜವಾಗಿಯೂ ಬರೆದರು. ಅಣ್ಣ ಕುರ್ಚಿಗೊರಗಿದ. "ಇವನು ಇಲ್ಲೇ ಇದ್ದಾನಲ್ಲ ಮೇಡಂ," ಎಂದು ಗೊಣಗಿ, ತಮ್ಮನ ಮೊಣಕಾಲನ್ನು ಮುಟ್ಟಿದ. "ಬೇಜಾರು ಮಾಡ್ಕೋಬೇಡ ಕಣೋ. ದುಡುಕಿಬಿಟ್ಟೆ." ಮಾಸ್ತರ ದೊಡ್ಡ ಮನಸ್ಸಿನಿಂದ ತಲೆದೂಗಿದ.

ಅಷ್ಟರಲ್ಲಿ ಪಕ್ಕದ ಸಾಲುಗಳಲ್ಲಿ ಗಾರ್ಡ್ ಸಾಹೇಬರ ಖಾತೆಯಿಂದ ಒಂದು ಬರಹ ಬಂತು, ಅಧಿಕಾರಿ ಅದನ್ನು ಗಟ್ಟಿಯಾಗಿ ಓದಿದರು: 'ಸರ್, ನಾನು ಅವರ ಮೊಮ್ಮಗಳು. ತಾತ ಇವತ್ತು ಬೆಳಿಗ್ಗೆ ತೀರಿಕೊಂಡರು. ನಿಮ್ಮ ಪಾಠ ಅಂದ್ರೆ ಅವರಿಗೆ ಪ್ರಾಣ. ಅವರಿಗೋಸ್ಕರ ಒಂದೇ ಒಂದು ಸಲ ಏನಾದರೂ ನುಡಿಸ್ತೀರಾ?' ಅದರ ಕೆಳಗೆ ಕೈಮುಗಿದ ಚಿತ್ರಗಳು, ಸಂತಾಪದ ಮಾತುಗಳು ಒಂದರ ಹಿಂದೊಂದು ಸಾಲುಗಟ್ಟಿದವು. ಪರದೆಯ ಮೇಲಿನ ಮಾಸ್ತರ ಮುಖ ಅರಳಿಸಿ ಮುಂದಕ್ಕೆ ಬಾಗಿದ. "ಓಹೋ, ಬಂದ್ರಾ ಗಾರ್ಡ್ ಸಾಹೇಬ್ರೇ! ನಿಮ್ಮನ್ನೇ ಕಾಯ್ತಿದ್ದೆ. ಬೆರಳುನೋವು ಹೇಗಿದೆ? ಹಾಂ... ಕಮ್ಮಿ ಆಗಿದೆ ಅಂತ ಬರೀತಿದ್ದೀರಿ. ನೋಡಿದ್ರಾ, ನಾನು ಹೇಳಿರ್ಲಿಲ್ವಾ!" ಎಂದು ಹೊಟ್ಟೆ ಹಿಡಿದು ನಕ್ಕ. ಅಣ್ಣ ಮೊಣಕಾಲಿನ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. 'ಮಾಸ್ತರೇ, ನೀವು ನಿಜವಾಗ್ಲೂ ಅಲ್ಲಿದ್ದೀರಾ?' ಎಂದು ಹೊಲಿಗೆ ಅಕ್ಕ ಬರೆದಿದ್ದಳು; ಆಮೇಲೆ ಬಂದ ನೂರಾರು ಜನ ಕೇಳಿದ್ದೂ ಅದನ್ನೇ. ಮಾಸ್ತರನಿಗೆ ಆ ಕ್ಷಣದಲ್ಲಿ ಪಿಟೀಲು ಹೋಯಿತಲ್ಲ ಎಂಬ ದುಃಖಕ್ಕಿಂತ ಆ ಮೊಮ್ಮಗಳಿಗೆ ತಾನು ನುಡಿಸಲಿಲ್ಲವಲ್ಲ ಎಂಬ ನಾಚಿಕೆಯೇ ದೊಡ್ಡದಾಗಿ, ತಲೆ ಎತ್ತಲಾಗಲಿಲ್ಲ. ಅಧಿಕಾರಿ ರಿಮೋಟ್ ತೆಗೆದುಕೊಂಡು ನಗುವನ್ನು ಅರ್ಧದಲ್ಲೇ ನಿಲ್ಲಿಸಿ, "ಪಿಟೀಲು ಎಲ್ಲಿಟ್ಟಿದ್ದೀರಿ?" ಎಂದು ಮೆಲ್ಲಗೆ ಕೇಳಿದರು.